ಹುಳ ಇಲ್ಲದ ಟೈಮ್‌ಟೇಬಲ್

ನನ್ನ ಮೊಮ್ಮಗಳು ಹತ್ತನೇ ಕ್ಲಾಸಿನ ಪ್ರಿಪರೇಟರಿ ಪರೀಕ್ಷೆಯಲ್ಲಿ ಗಣಿತ ಫೇಲಾದಳು. ಅತ್ತಿದ್ದು ಮುಗಿದ ಮೇಲೆ ದೊಡ್ಡ ಹಾಳೆಗೆ ಗೆರೆ ಎಳೆದು ನಡುಮನೆಯ ಗೋಡೆಗೆ ಅಂಟಿಸಿದಳು. ಅಸಲಿ ಪರೀಕ್ಷೆಗೆ ಇನ್ನೊಂದು ತಿಂಗಳಿತ್ತು. ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಓದುತ್ತೇನೆ, ನಿಧಾನ. ಮೂರು ದಿನ ಆ ಹಾಳೆಯ ಮುಂದೆ ನಿಂತು ನಿಂತು ಓದಿದೆ. ಗಂಟೆಗೊಂದು ಚೌಕ, ಚೌಕಕ್ಕೊಂದು ಪಾಠ. ಕೊನೆಯ ವಾರದ ತುಂಬ ಒಂದೇ ಉದ್ದನೆಯ ಪದ: ಪುನರಾವರ್ತನೆ.

“ಹಂಗಂದ್ರೇನೇ?”

“ಓದಿದ್ದನ್ನ ಇನ್ನೊಂದ್ಸಲ ಓದೋದು ಅಜ್ಜಿ.”

“ಮೊದಲ್ನೇ ಸಲ ಏನ್ ಮಾಡ್ತಿದ್ದೆ?”

“ಅಮ್ಮಾ, ಅಜ್ಜೀನ ಒಳಕ್ಕೆ ಕರ್ಕೋ!” ಎಂದು ಅಡುಗೆಮನೆ ಕಡೆ ಕೂಗಿದಳು.

ನಾನು ಅಲ್ಲಾಡಲಿಲ್ಲ. ಕುಂದಾಣದ ಕಡೆಯ ನಮ್ಮ ಮನೆ ರೇಷ್ಮೆ ಸಾಕುವ ಮನೆ. “ಇದ್ರಲ್ಲಿ ಹುಳ ಎಲ್ಲೈತೆ?” ಎಂದೆ.

“ಹುಳ ಸಿಲಬಸ್‌ನಲ್ಲಿ ಇಲ್ಲ.”

“ಮನೇಲಿ ಐತಲ್ಲ.”

ಬೆರಳು ಮಡಿಸಿ ಎಣಿಸಿದೆ. ಮಗ ಮರಿಹುಳ ತರುವ ದಿನ ಗೊತ್ತಾಗಿತ್ತು. ಅವು ಇನ್ನೆರಡು ಜ್ವರ ದಾಟಿ, ಅಂದರೆ ಎರಡು ಸಲ ಪೊರೆ ಬಿಟ್ಟು, ಹಣ್ಣಾಗಿ ನೂಲು ಬಿಡುವ ಹೊತ್ತಿಗೆ ಸರಿಯಾಗಿ ಗಣಿತದ ಪರೀಕ್ಷೆ. ಹುಳ ಹಣ್ಣಾದ ದಿನ ನಮ್ಮಲ್ಲಿ ಬಂದ ನೆಂಟರೂ ಕೂರುವಂತಿಲ್ಲ. ಒಂದೊಂದೇ ಆಯ್ದು, ಗೂಡು ಕಟ್ಟಲು ಚಂದ್ರಿಕೆಯ ತಟ್ಟಿಗೆ ಬಿಡಬೇಕು. ಅದರ ಹಿಂದಿನ ವಾರ ಹುಳಕ್ಕೆ ಬಕಾಸುರನ ಹಸಿವು; ಇಡೀ ಮನೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಲೇ ಇರುತ್ತದೆ. ಇವಳ ಪುನರಾವರ್ತನೆ ಆ ವಾರದಲ್ಲೇ ಕೂತಿತ್ತು.

“ಹುಳ ತರೋದ್ನ ಒಂದ್ವಾರ ಮುಂದಕ್ಕಾಕೋ,” ಎಂದು ಮಗನಿಗೆ ಹೇಳಿದೆ.

“ಸೊಪ್ಪು ಬಲ್ತೋಗುತ್ತೆ ಕಣವ್ವ. ಆಗಲ್ಲ.”

ಅವನು ಹೇಳಿದ್ದು ಸುಳ್ಳಲ್ಲ. ಹುಡುಗಿಯ ಮುಖ ಸಣ್ಣಗಾಯಿತು. ಇನ್ನೊಂದು ಸಲ ಫೇಲಾದರೆ ಅವಳ ಜೊತೆಯವರೆಲ್ಲ ಕಾಲೇಜಿಗೆ ಹೋಗುತ್ತಾರೆ, ಇವಳು ಮನೆಯಲ್ಲಿ. ಹಾಳೆ ಕಿತ್ತು ತಂದು ನನ್ನ ಮುಂದೆ ಹಾಸಿದಳು. “ಜ್ವರ ಬಂದಾಗ ಹುಳ ಏನ್ ಮಾಡುತ್ತೆ?” ಹುಟ್ಟಿದಾಗಿನಿಂದ ಹುಳದ ಜೊತೆ ಬೆಳೆದವಳು ಅದನ್ನು ಅವತ್ತೇ ಮೊದಲು ಕೇಳಿದ್ದು.

“ತಲೆ ಎತ್ಕೊಂಡು ಸುಮ್ನಿರುತ್ತೆ. ಸೊಪ್ಪು ಮುಟ್ಟಲ್ಲ. ಒಂದು, ಒಂದೂವರೆ ದಿನ ನಮಗೂ ಬಿಡುವು.”

ಆ ಎರಡು ಬಿಡುವಿಗೂ ಗಣಿತ ಬರೆದಳು. ಸಮಾಜವನ್ನು ಸೊಪ್ಪು ಕೊಯ್ಯುವಾಗ ಬಾಯಲ್ಲೇ ಹೇಳಿಕೊಳ್ಳುವುದೆಂದಾಯಿತು.

ಓದಿದ್ದು ತಲೆಯಲ್ಲಿ ನಿಂತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ನನಗೆ ಅದೇ ಯೋಚನೆ. ಮಗ್ಗಿ ಒಪ್ಪಿಸುವ ಹಾಗೆ ಪ್ರಮೇಯ ಒಪ್ಪಿಸು ಎಂದು ಪುಸ್ತಕ ಹಿಡಿದು ಕೂತೆ.

“ನೀನು ಒಂದ್ಸಾಲು ಓದೋಷ್ಟ್ರಲ್ಲಿ ಪರೀಕ್ಷೆನೇ ಮುಗ್ದೋಗುತ್ತೆ ಅಜ್ಜಿ.”

“ನಿಧಾನಕ್ಕೆ ಹೇಳು. ಇಲ್ಲೊಂದ್ಸಾಲು ನುಂಗ್ದೆ ನೋಡು.”

“ಅದು ಮೇಲಿನ ಸಾಲಿಗೆ ಕೊಡೋ ಕಾರಣ ಅಷ್ಟೆ. ಬೇಡ ಬಿಡು.”

“ಬೇಡ್ದಿದ್ರೆ ಯಾಕ್ ಅಚ್ಚಾಕವ್ರೆ?”

ಸಿಡುಕುತ್ತಲೇ ಯಾಕೆಂದು ಹೇಳತೊಡಗಿದಳು. ಅರ್ಧದಲ್ಲಿ ನಿಂತಳು. ಅವಳಿಗೂ ಗೊತ್ತಿರಲಿಲ್ಲ. ಮಾರನೆಯ ದಿನ ಮೇಷ್ಟ್ರನ್ನು ಕೇಳಿಕೊಂಡು ಬಂದು ನನಗೆ ತಿಳಿಸಿದಳು. ನನಗೆ ಅರ್ಧ ತಿಳಿಯಿತು, ಅವಳಿಗೆ ಪೂರ್ತಿ. ಆಮೇಲೆ ಪ್ರತಿ ಸಾಲಿಗೂ ಯಾಕೆ ಎಂದು ಕೇಳುವುದೇ ನನ್ನ ಕೆಲಸವಾಯಿತು.

ಗಣಿತದ ಪರೀಕ್ಷೆಯ ಬೆಳಿಗ್ಗೆ ಹುಳ ಹಣ್ಣಾಯಿತು. ಯೂನಿಫಾರ್ಮ್ ಹಾಕಿಕೊಂಡವಳು ಹುಳುಮನೆ ಬಾಗಿಲಲ್ಲಿ ನಿಂತಳು. ಅವಳಪ್ಪ ತಲೆ ಎತ್ತದೆ ಹುಳ ಆಯುತ್ತಿದ್ದ.

“ಇವು ಸಾಯಂಕಾಲದವರ್ಗೂ ಕಾಯಲ್ಲ ಅಜ್ಜಿ.”

“ಪರೀಕ್ಷೆ ಕಾಯುತ್ತಾ? ನಡಿ.”

ಒಂದು ಕೈ ಕಡಿಮೆಯಾಗಿ ಒಂದಷ್ಟು ಹುಳ ಸೊಪ್ಪಿನ ಕಡ್ಡಿಯಲ್ಲೇ ಗೂಡು ಕಟ್ಟಿ ಕೆಟ್ಟವು. ಮಗ ಗೊಣಗಿದ. ಮಧ್ಯಾಹ್ನದ ಮೇಲೆ ಬಂದವಳು ಬಟ್ಟೆಯನ್ನೂ ಬದಲಿಸದೆ ಪಕ್ಕದಲ್ಲಿ ಕೂತು ಹುಳ ಆಯತೊಡಗಿದಳು.

“ಪಾಸಾಗ್ತೀಯಾ?”

“ಆಗ್ತೀನಿ ಅನ್ಸುತ್ತೆ.”

“ಅನ್ಸೋದಿರ್ಲಿ. ಒಂದೊಂದೇ ಪ್ರಶ್ನೆ ಹೇಳು.”

ಅವಳು ಹೇಳುತ್ತಾ ಹೋದಳು, ನಾನು ಅಂಕ ಕೂಡಿಸುತ್ತಾ ಹೋದೆ. ಪಾಸಿಗೆ ಸಾಕಾಗಿತ್ತು. ಫಲಿತಾಂಶ ಬಂದಾಗ ನಮ್ಮ ಲೆಕ್ಕಕ್ಕಿಂತ ಮೂರು ಕಡಿಮೆ, ಆದರೂ ಪಾಸು. ಎಲ್ಲರೂ ಸಕ್ಕರೆ ತಿಂದರು. ಆ ಮೂರು ಅಂಕ ಯಾವ ಪ್ರಶ್ನೆಯಲ್ಲಿ ಹೋದವು ಎಂದು ನಾನು ಈಗಲೂ ಅವಳನ್ನು ಕೇಳುತ್ತಿದ್ದೇನೆ.