ಬೆಂಚಿನ ಮೇಲೆ ನಡೆದ ಸಭೆ

ಗೆಳೆಯರೇ, ಅಫಜಲಪುರದಲ್ಲಿ ಇಂದು ಸಂಜೆ ಕರೆದಿದ್ದ ನಮ್ಮ ಸಭೆಗೆ ಯಾರೂ ಬರಲಿಲ್ಲ. ಹಾಗೆಂದು ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ತಿಳಿಸಿದವರು ಸಂಚಾಲಕ ಮಲ್ಲಣ್ಣ ಮಾಸ್ತರರು. ಆತ್ಮಹತ್ಯೆಯಿಂದ ಮನೆಯವರನ್ನು ಕಳೆದುಕೊಂಡವರು ಕೂತು ಮಾತಾಡಲೆಂದು ಕರೆದ ಸಭೆ ಅದು. ತಮ್ಮನನ್ನು ಕಳೆದುಕೊಂಡ ನಾನೇ ಕುರ್ಚಿ ಹಾಕಿದ್ದೆ.

ಈ ಸುದ್ದಿಗೆ ಒಂದು ತಿದ್ದುಪಡಿ ಇದೆ. ಒಬ್ಬ ಹೆಣ್ಣುಮಗಳು ಬಂದು ಸಭೆಯ ಕೋಣೆಯ ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದರು. ಜೇವರ್ಗಿ ಬಸ್ಸು ಹೋಯಿತು, ಆಳಂದ ಬಸ್ಸೂ ಹೋಯಿತು, ಅವರು ಏಳಲಿಲ್ಲ. ನಾನು ರಸ್ತೆ ದಾಟಿ ಹೋದೆ.

“ಒಳಗ ಬರ್ರಿ ಅಕ್ಕಾರ.”

“ಹ್ಯಾಂಗ ಬರ್ಲಿರಿ ಅಣ್ಣಾ? ಬಾಗಲದ ಮ್ಯಾಲ ಅಷ್ಟ ದೊಡ್ಡ ಅಕ್ಷರದಾಗ ಆತ್ಮಹತ್ಯೆ ಅಂತ ಬರಸೀರಿ. ಮಗಳು ಜ್ವರ ಬಂದು ಹೋದ್ಲಂತ ಓಣಿಗೆಲ್ಲ ಹೇಳೇನಿ.”

ಒಳಗೆ ಹೋಗಿ, ಬಾಗಿಲ ಮೇಲಿನ ಫ್ಲೆಕ್ಸ್ ಇಳಿಸೋಣವೇ ಎಂದು ಮಾಸ್ತರರನ್ನು ಕೇಳಿದೆ.

“ತಗದ್ರ ಸಭಾದ ಫೋಟೋದಾಗ ಏನ್ ಕಾಣ್ತದೋ ಮಾರಾಯ?”

“ಖಾಲಿ ಕುರ್ಚಿ ಕಾಣ್ತಾವ್ರಿ ಸರ. ಈಗೂ ಅವೇ ಕಾಣಾಕತ್ತಾವ.”

ಅವರು ಒಪ್ಪಲಿಲ್ಲ. ನಾನು ವಾಪಸ್ ಬಂದು ಬೆಂಚಿನ ಮೇಲೆಯೇ ಕೂತೆ.

“ಈಗ ಅಕಿ ಹೆಸರ ಯಾರೂ ತಗೀಯಂಗಿಲ್ರಿ,” ಎಂದರು ಆಕೆ. “ಭಾಗ್ಯಶ್ರೀ ಅಂತ.”

ನಾನೂ ಒಮ್ಮೆ “ಭಾಗ್ಯಶ್ರೀ” ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

“ನಿಮ್ಮ ತಮ್ಮನ ಹೆಸರ ಏನ್ರಿ?”

ಹೇಳಿದೆ. ಅದನ್ನು ಯಾರಾದರೂ ಕೇಳಿ ಬಹಳ ಕಾಲವಾಗಿತ್ತು.

ಮುಂದಿನ ಸಭೆ ಬರುವ ಗುರುವಾರ ಸಂಜೆ, ಅದೇ ಬೆಂಚಿನ ಮೇಲೆ.