ಮಾವನವರು ಆರಿಸಿದ ಬಂದೂಕು

ಬಚ್ಚಲ ಬಾಗಿಲು ಕಿರುಗುಟ್ಟುತ್ತದೆಂದು ಹೆಂಡತಿ ದಿನಾ ಗೊಣಗುತ್ತಿದ್ದಳು. ಇವತ್ತು ತಿರುಗಣಿಗೆ ಹೊಲಿಗೆ ಮಷೀನಿನ ಎಣ್ಣೆ ಬಿಟ್ಟೆ ನೋಡಿ, ಆ ವಾಸನೆಗೆ ಮಸ್ಕತ್ತಿನ ಈ ಫ್ಲ್ಯಾಟು ಮರೆತೇಹೋಗಿ ಒಮಾನಿನ ಒಳನಾಡಿನ ಊರು ಇಬ್ರಿಯ ಪೇಟೆಯಲ್ಲಿ ನಿಂತುಬಿಟ್ಟೆ. ಪಕ್ಕದಲ್ಲಿ ಮಾವನವರು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು, ಆಗ ನಮ್ಮ ಮನೆ ಅಲ್ಲಿತ್ತು. ಫೌಜಿನ ಹವಾಲ್ದಾರರಾಗಿ ನಿವೃತ್ತರಾದ ಮಾವನವರು ಗದಗಿನಿಂದ ಮಗಳನ್ನು ನೋಡಲು ಬಂದಿದ್ದರು. ಬಂದಾಗಿನಿಂದ ನನ್ನ ಬೂಟಿನ ಪಾಲಿಶ್ ನೋಡಿ ನಿಟ್ಟುಸಿರು ಬಿಡುತ್ತಿದ್ದರು.

ಅಂದು ಸಂಜೆ ನನ್ನ ಆಫೀಸಿನ ಹಮದನ ತಮ್ಮನ ಮದುವೆ. ಅಲ್ಲಿನ ಮದುವೆಗಳಲ್ಲಿ ಗಂಡಸರು ಕತ್ತಿಯನ್ನೋ ಹಳೇ ಬಂದೂಕನ್ನೋ ಹಿಡಿದು ಸಾಲಾಗಿ ಕುಣಿಯುತ್ತಾರೆ. ತಂದೆ ಇಲ್ಲದ್ದರಿಂದ ಸಾಲಿನ ಮುಂದೆ ನಿಲ್ಲಬೇಕಾದವನು ಹಮದ್. ಹಿಂದಿನ ಮದುವೆಗೆ ಎರವಲು ಬಂದೂಕು ಒಯ್ದು ದಾಯಾದಿಗಳ ಬಾಯಿಗೆ ಬಿದ್ದಿದ್ದ ಪಾಪ. ಈ ಸಲ ಸ್ವಂತದ್ದೇ ಬೇಕು, ಆದರೆ ಅಗ್ಗದ್ದು. ಪರವಾನಗಿ ಜೇಬಿನಲ್ಲಿತ್ತು. ಆರಿಸಲು ಫೌಜಿ ಬಾಬಾನೇ ಬರಬೇಕೆಂದು ಮಾವನವರನ್ನು ಹೊರಡಿಸಿದ.

ಅವನು ಗಾಡಿ ನಿಲ್ಲಿಸಿ ಬರುವಷ್ಟರಲ್ಲಿ ಮಾವನವರ ಮುಂದೆ ನನ್ನ ಅರಬ್ಬಿ ತೋರಿಸುವ ಉಮೇದು ನನಗೆ. ಬಂದೂಕು ಅರಬ್ಬಿ ಕಡೆಯಿಂದ ಬಂದ ಮಾತೆಂದು ಯಾರೋ ಹೇಳಿದ್ದರು. ಎದುರಿನ ಅಂಗಡಿಯ ಮುದುಕನಿಗೆ ಗತ್ತಿನಿಂದ, "ಬುಂದುಕ್! ರಖೀಸ್!" ಎಂದೆ. ಅಗ್ಗದ ಬಂದೂಕು ಕೊಡಪ್ಪ ಎಂದು ಅರ್ಥ, ನನ್ನ ಪ್ರಕಾರ. ಮುದುಕ ಒಳಗೆ ಹೋಗಿ ಪೊಟ್ಟಣವೊಂದನ್ನು ತಂದುಕೊಟ್ಟ. ಬಿಚ್ಚಿದರೆ ಗೋಲಿಯಷ್ಟು ದಪ್ಪದ ಬೀಜಗಳು! ಅರಬ್ಬಿಯಲ್ಲಿ ಬುಂದುಕ್ ಎಂದರೆ ಆ ಬೀಜವಂತೆ. ಮಾವನವರು ಒಂದನ್ನು ಬಾಯಿಗೆ ಹಾಕಿಕೊಂಡು, "ಗುಂಡು ಛಲೋ ಅದಾವ್ರಿ ಅಳಿಯಾರ, ಬಂದೂಕ ಎಲ್ಲೈತಿ?" ಎಂದರು.

ನಿಜವಾದ ಬಂದೂಕಿನ ಅಂಗಡಿಗೆ ಹಮದನೇ ಕರೆದೊಯ್ದ. ಯಾವುದೋ ಸೈನ್ಯ ಬೇಡವೆಂದು ಮಾರಿದ ಹಳೇ ಥ್ರೀ ನಾಟ್ ಥ್ರೀಗಳು ಗೋಡೆಗೊರಗಿದ್ದವು. ಇದೇ ಎಣ್ಣೆಯ ವಾಸನೆ ಗಮ್ಮೆಂದಿತು. ಮಾವನವರಿಗೆ ಹರೆಯ ಬಂದುಬಿಟ್ಟಿತು. ಬೋಲ್ಟು ಎಳೆದು ತೆಗೆದು, ಹಿಂದಿನ ತೂತಿಗೆ ಹೆಬ್ಬೆರಳ ಉಗುರು ಹಿಡಿದು, ಅದರ ಹೊಳಪಿನಲ್ಲಿ ನಳಿಗೆಯೊಳಗೆ ಇಣುಕಿದರು.

"ಬ್ಯಾಡ. ಒಳಗ ತುಕ್ಕು."

ಇನ್ನೊಂದು. "ಇದರ ನಳಿಗಿ ಸವದೈತಿ. ಎಮ್ಮಿಗೆ ಗುರಿ ಇಟ್ರ ಎಮ್ಮಿ ಮಾಲಕಗ ಬಡೀತೈತಿ."

ಅಂಗಡಿಯವನ ಮುಖ ಗಂಟಾಯಿತು. ಸಂಜೆಯಾಗುತ್ತಿತ್ತು. ಒಂದೇ ಒಂದು ಉಳಿದಾಗ ಹಮದ್ ಮಾವನವರ ಕೈ ಹಿಡಿದು ತನ್ನ ಹರುಕು ಹಿಂದಿಯಲ್ಲಿ ಅಂಗಲಾಚಿದ: "ಬಾಬಾ, ಗೋಲಿ ನಹೀ ಮಾರೇಗಾ! ಊಪರ್ ಫೇಂಕೇಗಾ, ಪಕಡೇಗಾ, ಖಲಾಸ್!"

"ಏನಂತಾನ್ರಿ ಇವಾ? ಗುಂಡ ಹೊಡ್ಯಾಂಗಿಲ್ಲಂತ, ಮ್ಯಾಲ ಒಗದ ಹಿಡೀತಾನಂತ?"

ಫೌಜಿನಲ್ಲಿ ಬಂದೂಕು ಕೈಜಾರಿದರೆ ಅದನ್ನೇ ತಲೆಯ ಮೇಲೆ ಹಿಡಿಸಿ ಮೈದಾನ ಸುತ್ತಿಸುತ್ತಿದ್ದರಂತೆ. ಇಲ್ಲಿ ನೋಡಿದರೆ ಬೇಕೆಂದೇ ಎಸೆಯುತ್ತಾರೆ! ಆದರೂ ಹಮದನ ಮುಖ ನೋಡಿ ಕರಗಿದರು. ಉಳಿದದ್ದನ್ನು ಒಪ್ಪಿದರು.

ಮದುವೆ ಮನೆಯಲ್ಲಿ ಡೋಲು ಶುರುವಾಯಿತು. ಹಮದ್ ಎದೆಯುಬ್ಬಿಸಿ ಸಾಲಿನ ಮುಂದೆ ನಿಂತ. ದಾಯಾದಿಗಳು ತೆಪ್ಪಗಿದ್ದರು. ಸುಳ್ಳೇಕೆ, ನನಗೇ ಹೆಮ್ಮೆಯಾಯಿತು. ಅವನು ಬಂದೂಕನ್ನು ಗಿರ್ರನೆ ಮೇಲಕ್ಕೆಸೆದದ್ದೇ ತಡ, ಮಾವನವರು "ಅಯ್ಯಯ್ಯೋ!" ಎನ್ನುತ್ತ ನುಗ್ಗಿ, ಹಮದನನ್ನು ಪಕ್ಕಕ್ಕೆ ತಳ್ಳಿ, ಕೂಸನ್ನು ಹಿಡಿದಂತೆ ಅದನ್ನು ಅವಚಿಕೊಂಡುಬಿಟ್ಟರು.

ಡೋಲು ನಿಂತಿತು. ಸ್ವಂತ ಬಂದೂಕಿನ ಮೊದಲ ಎಸೆತವೇ ಪರರ ಕೈಗೆ! ದಾಯಾದಿಗಳು ಕಿಸಕ್ಕೆಂದರು. ಹಮದನ ಮುಖ ಬಿಳಿಚಿತು. ಮಾವನವರಿಗೂ ತಾವೇನು ಮಾಡಿದೆವೆಂದು ಆಗ ಹೊಳೆಯಿತು. ಸುಬೇದಾರರು ಯಾರಾದರೂ ಇದ್ದಾರೋ ಎಂಬಂತೆ ಸುತ್ತ ನೋಡಿದರು. ಕಣ್ಣು ಮುಚ್ಚಿ ಬಂದೂಕನ್ನು ಮೇಲಕ್ಕೊಗೆದರು. ಒಂದೇ ಗೇಣು. ಹಿಡಿದು, ಎರಡೂ ಕೈಯಿಂದ ಹಮದನಿಗೊಪ್ಪಿಸಿ ಸೆಲ್ಯೂಟ್ ಹೊಡೆದರು. "ಯಲ್ಲಾ ಬಾಬಾ!" ಎಂದು ಇಡೀ ಸಾಲು ಹುರುಪಿನಿಂದ ಕೂಗಿತು. ಹಮದ್ ತೆಂಗಿನೆತ್ತರಕ್ಕೆ ಎಸೆದು ಹಿಡಿದ. ಇದು ಹಿಂದೂಸ್ತಾನದ ಕುಣಿತ, ಹಮದನೇ ಕರೆಸಿದ್ದು ಎಂದು ಎಲ್ಲರೂ ತಿಳಿದರು.

"ನಮ್ಮ ಹುಡಿಗಿಗೆ ಹೇಳಬ್ಯಾಡ್ರಿ ಮತ್ತ," ಎಂದು ಮಾವನವರು ದಾರಿಯುದ್ದಕ್ಕೂ ಬೇಡಿಕೊಂಡರು. ಅವರಿರುವವರೆಗೂ ನಾನು ಹೇಳಲಿಲ್ಲ.

ಇವತ್ತು ಬಚ್ಚಲ ಮುಂದೆ ಒಬ್ಬನೇ ನಗುತ್ತಿದ್ದವನನ್ನು ಕಂಡು ಹೆಂಡತಿ, "ಯಾಕ್ರೀ, ಹುಚ್ಚಗಿಚ್ಚ ಹಿಡೀತೇನು?" ಎಂದಳು. ಹೇಳಿಬಿಟ್ಟೆ. ಅವಳು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಮ್ಮಪ್ಪ? ಖರೇನ? ಎಷ್ಟ ಎತ್ತರ ಒಗದಿದ್ರು?"

ಗೇಣು ತೋರಿಸಲೆಂದೇ ಕೈ ಎತ್ತಿದೆ. ಅದು ಏರುತ್ತ ಏರುತ್ತ ಬಾಗಿಲ ಚೌಕಟ್ಟನ್ನೂ ದಾಟಿಹೋಯಿತು.