ಆರಿಸಿದ ಮೇಲೂ ಇಳಿಯದ ಕಾವು

ಶಿಗ್ಗಾಂವದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಲೇ ನಾನು ಪಿಎಚ್‌ಡಿ ಮಾಡುತ್ತಿದ್ದೆ. ಗಾಜಿನ ಬಿಲ್ಲೆಯ ಮೇಲೆ ಕೂರಿಸಿದ ಮಿಶ್ರಲೋಹದ ತೆಳು ಪದರವನ್ನು ಕಾಯಿಸಿ ನೋಡುವುದು ನನ್ನ ವಿಷಯ. ಆ ಪದರದಲ್ಲಿ ಪರಮಾಣುಗಳು ಸಂತೆಯ ಜನರಂತೆ ಅಡ್ಡಾದಿಡ್ಡಿ ನಿಂತಿರುತ್ತವೆ. ಹದ ಮೀರಿ ಕಾಯಿಸಿದರೆ ಸಾಲುಗಟ್ಟಿ ಹರಳಾಗುತ್ತವೆ. ಒಮ್ಮೆ ಹರಳಾದರೆ ತಣಿಸಿದರೂ ಮೊದಲಿನಂತಾಗುವುದಿಲ್ಲ. ಅದಕ್ಕೆ ಸ್ವಲ್ಪ ಮೊದಲೇ ನಾನು ನಿಲ್ಲಿಸಬೇಕಿತ್ತು.

ಪದರ ಮಾಡುವ ಧಾರವಾಡದ ಯಂತ್ರ ಕೆಟ್ಟು ತಿಂಗಳುಗಳಾಗಿದ್ದವು. ಉಳಿದದ್ದು ಒಂದೇ ಬಿಲ್ಲೆ. ಹತ್ತಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ.

ಅಂದು ಅವ್ವ ಕಣ್ಣು ತೋರಿಸಲು ಹತ್ತಿಮತ್ತೂರಿನಿಂದ ಬಂದಿದ್ದಳು. ಡಾಕ್ಟರು ಹಾಕಿದ ಹನಿಯಿಂದ ಅವಳಿಗೆ ಎಲ್ಲವೂ ಮಬ್ಬು. ಲ್ಯಾಬಿನ ಸ್ಟೂಲಿನ ಮೇಲೆ ಕೂರಿಸಿದೆ.

ಕುಲುಮೆಯ ಕೊಳವೆಯೊಳಗೆ ಬಿಲ್ಲೆಯಿಟ್ಟು, ಗಾಳಿ ತೆಗೆದು, ಕಾಯಿಸತೊಡಗಿದೆ. ಉಷ್ಣಮಾಪಕ ಇನ್ನೂ ಬಹಳ ಕಡಿಮೆ ತೋರಿಸುತ್ತಿತ್ತು. ಅಷ್ಟರಲ್ಲೇ ಮೀಟರಿನಲ್ಲಿ ಪದರದ ವಿದ್ಯುತ್ ರೋಧ ಕುಸಿಯತೊಡಗಿತು. ಹರಳುಗಟ್ಟುವುದು ಶುರುವಾಗಿತ್ತು. ಉಷ್ಣತೆ ಅಳೆಯುವ ತಂತಿ ಜಾರಿ ಬಿಲ್ಲೆಯಿಂದ ದೂರ ಸರಿದದ್ದು ಆಗ ಕಂಡಿತು. ಸ್ವಿಚ್ ಆರಿಸಿದೆ. ಆದರೂ ಮೀಟರಿನಲ್ಲಿ ರೋಧದ ಅಂಕಿ ಇಳಿಯುತ್ತಲೇ ಇತ್ತು.

"ಏನಾತವಾ?" ಎಂದಳು ಅವ್ವ.

"ಕೆಡಾಕತ್ತೈತಿ."

"ಬಂದ್ ಮಾಡು ಮತ್ತ."

"ಮಾಡೇನಿ. ಒಳಗಿನ ಕಾವು ಇಳೀವಲ್ದು."

ಸವಣೂರಿನ ಕಡೆಯವರಾದ ಹಿರಿಯ ಅಟೆಂಡರ್ ಓಡಿ ಬಂದರು. "ಬಿಚ್ಚಿ ಹೊರಗ ತಗೀಲೇನ್ರಿ ಮೇಡಂ?"

"ಬ್ಯಾಡ್ರಿ ಕಾಕಾ. ಕಾದಾಗ ಗಾಳಿ ತಾಗಿದ್ರ ಪೂರಾ ಹಾಳಾಕ್ಕೈತಿ."

ಅವರು ಸ್ಟಾಫ್ ರೂಮಿನ ಟೇಬಲ್ ಫ್ಯಾನ್ ತಂದು ಕುಲುಮೆಗೆ ಎದುರಾಗಿ ಇಟ್ಟರು. ಅದರಿಂದ ಏನೂ ಆಗದೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ನಾನು ಬೇಡವೆನ್ನಲಿಲ್ಲ. ಅವ್ವ ಕೇಳಿದಾಗಲೆಲ್ಲ ಅಂಕಿ ಓದಿ ಹೇಳಿದೆ. ಕೊನೆಗೊಮ್ಮೆ ಅದು ಅಲುಗದೆ ನಿಂತಿತು.

"ನಿಂತಿತಲ್ಲ, ಚಲೋ ಆತು," ಎಂದಳು ಅವ್ವ.

ಹರಳಾಗಲು ಇನ್ನೇನೂ ಉಳಿದಿಲ್ಲವಾದ್ದರಿಂದ ನಿಂತಿದೆ ಎಂದು ಅವಳಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ.

ಮುಂದಿನ ವಾರ ಎಕ್ಸ್-ರೇ ಪರೀಕ್ಷೆಯ ನಕ್ಷೆಯಲ್ಲಿ, ಮೆತ್ತಗಿನ ದಿಬ್ಬವೊಂದು ಇರಬೇಕಾದ ಕಡೆ ಹರಳಿನ ಗುರುತಾದ ಚೂಪು ಶಿಖರಗಳು ಎದ್ದಿದ್ದವು. ಗೈಡ್ ಸರ್ ಬೈಯಲಿಲ್ಲ.

"ಹೋಗ್ಲಿ, ಎಷ್ಟು ಡಿಗ್ರಿಗೆ ಹರಳಾತು ಅಷ್ಟರ ಬರೀರಿ," ಎಂದರು.

"ತಂತಿ ಸರಿದಿತ್ತಲ್ರಿ, ಅದೂ ಗೊತ್ತಿಲ್ರಿ ಸರ್," ಎಂದೆ.

ಆ ಬಿಲ್ಲೆಯ ಅಧ್ಯಾಯವನ್ನು ಬಿಟ್ಟೇ ಪ್ರಬಂಧ ಕೊಟ್ಟೆ.